ಕಪ್ಪು ಮರಿಯ ಪ್ರಕರಣ

ಬಿದರಗುಡಿ ಠಾಣೆಗೆ ದೂರು ತಂದವಳು ವರದಾ, ವಿಜಯಪುರದಲ್ಲಿ ಕಾಲೇಜು ಅಧ್ಯಾಪಕಿ. ಹಿಂದಿನ ಸಂಜೆ ಕರೆಂಟು ಹೋದ ಹೊತ್ತಿನಲ್ಲಿ ಊರಿನ ಅವಳ ತವರುಮನೆಗೆ ಕಳ್ಳ ನುಗ್ಗಿದ್ದ. ಕಪಾಟಿನ ಸದ್ದಿಗೆ ಎದ್ದುಬಂದ ತಾಯಿ ಸಾವಿತ್ರೀಬಾಯಿ ಕತ್ತಲಲ್ಲೇ ಅವನ ಅಂಗಿ ಹಿಡಿದಿದ್ದರು. ಅವನು ನೂಕಿದ ರಭಸಕ್ಕೆ ಹೊಸ್ತಿಲ ಮೇಲೆ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು.

"ಏನೇನು ಹೋಗೇತಿ?" ಪಿಎಸ್‌ಐ ವಿಜಯಲಕ್ಷ್ಮಿ ಕೇಳಿದಳು.

"ಬಂಗಾರದ ಪಾಟಲಿ ಬಳೆ ಒಂದು ಜೋಡಿ. ಮತ್ತ ನಾಯಿಮರಿ."

"ನಾಯಿಮರಿನೂ?"

"ಪೂಡಲ್ ರೀ. ಅವ್ವನ ಜೋಡಿ ಇರಲಿ ಅಂತ ಪುಣೇದಿಂದ ನಾನ ತಂದಿದ್ದೆ. ಗುಂಗುರು ಕೂದಲ, ಕಡುಗಪ್ಪು. ಎಡಗಿವಿ ಹಿಂದ ಬಿಸಿ ಎಣ್ಣಿ ಸಿಡಿದು ಸುಟ್ಟ ಕಲೆ ಐತಿ."

ಸುಲಿಗೆ ಎಂದು ಎಫ್‌ಐಆರ್ ದಾಖಲಾಯಿತು. ಪಂಚನಾಮೆಯಿಂದ ಸಿಕ್ಕಿದ್ದು ಹೆಚ್ಚೇನಿಲ್ಲ. ಬೆರಳಚ್ಚುಗಳು ಕಲಸಿಹೋಗಿದ್ದವು. ಓಣಿಯಲ್ಲಿ ಯಾರೂ ಯಾರನ್ನೂ ಕಂಡಿರಲಿಲ್ಲ.

"ಪಾಟಲಿ ಕರಗಿಸಬಹುದು, ನಾಯಿ ಕರಗಿಸಾಕ ಆಗೂದಿಲ್ಲ. ಮೊದಲು ಅದನ್ನ ಹುಡುಕು" ಎಂದು ವಿಜಯಲಕ್ಷ್ಮಿ ಕಾನ್‌ಸ್ಟೆಬಲ್ ಕಾಂತುಗೆ ಹೇಳಿದಳು.

ಕಾಂತು ಹುಡುಕಿದ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಚಡಚಣ, ಎಲ್ಲ ಕಡೆ ಕರೀ ನಾಯಿಗಳೇ. ಹೂವಿನ ಹಿಪ್ಪರಗಿಯಿಂದ ಬಂದ ಒಂದು ಸುಳಿವಿನ ಹಿಂದೆ ಬಿಸಿಲಲ್ಲಿ ಹೋಗಿ ನೋಡಿದರೆ ಅದು ಕುರಿಮರಿ. ಕೊನೆಗೆ ಊರಿನ ಆಟೋ ಚಾಲಕ ರಮಜಾನನ ಮನೆಯಲ್ಲಿ ಗುಂಗುರು ಕೂದಲಿನ ಕರೀ ಮರಿ ಕಂಡಿತು. ಅವನು ಸಾವಿತ್ರೀಬಾಯಿಯ ಮನೆಗೆ ಕಿರಾಣಿ ಇಳಿಸಿ ಬರುತ್ತಿದ್ದವನು. ಸಾಕಲ್ಲ! ಠಾಣೆಗೆ ಕರೆತಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರಿಸಿದರು. ವಿಜಯಪುರದಿಂದ ವರದಾ ಬಂದು ಮರಿಯ ಕಿವಿ ಮಡಚಿ ನೋಡಿದಳು. ಕಲೆ ಇರಲಿಲ್ಲ. "ಇದು ನಮ್ದಲ್ಲ" ಎಂದಳು.

ರಮಜಾನನನ್ನು ಬಿಟ್ಟರು. ಊರಿನವರು ಬಿಡಲಿಲ್ಲ. ಅವನ ಆಟೋದಲ್ಲಿ ಶಾಲೆಗೆ ಹೋಗುತ್ತಿದ್ದ ಮಕ್ಕಳನ್ನು ತಂದೆತಾಯಿಗಳು ಒಬ್ಬೊಬ್ಬರಾಗಿ ಬೇರೆ ಗಾಡಿಗೆ ಹತ್ತಿಸಿದರು. ಕೆಲವು ತಿಂಗಳಲ್ಲಿ ಅವನು ಆಟೋ ನಿಲ್ಲಿಸಿ ಚಡಚಣದ ಕಡೆ ಕಬ್ಬಿನ ಲಾರಿಗೆ ಹೋದ. ಆ ಸುದ್ದಿ ಕೇಳಿದ ದಿನ ವಿಜಯಲಕ್ಷ್ಮಿಗೆ ಊಟ ಸೇರಲಿಲ್ಲ.

ವರ್ಷ ಕಳೆಯಿತು. ಮೇಲಧಿಕಾರಿಗಳ ಸಭೆಯಲ್ಲಿ "ನಿಮ್ಮ ಕರೀ ನಾಯಿ ಸಿಕ್ತೇನ್ರಿ?" ಎಂದು ಕೇಳುವುದು, ಉಳಿದವರು ನಗುವುದು ರೂಢಿಯಾಯಿತು. ಆದರೂ ಅವಳು ಸುತ್ತಲಿನ ಪಶುವೈದ್ಯರಿಗೆ ಆಗಾಗ ಫೋನ್ ಮಾಡುವುದನ್ನು ಬಿಡಲಿಲ್ಲ. ಮುದ್ದೇಬಿಹಾಳದ ಡಾಕ್ಟರ್ ಯುನೂಸರಿಗೆ ಮಾಡಿದ್ದೂ ಹಾಗೆಯೇ, ಬೇಸರದಲ್ಲಿ.

"ಕಪ್ಪು ಪೂಡಲ್ ಇಲ್ರಿ ಮೇಡಂ. ನನ್ನ ಹತ್ರ ಬರೂದು ಒಂದ ಪೂಡಲ್, ಅದೂ ಬೂದಿ ಬಣ್ಣದ್ದು."

ಫೋನ್ ಇಡಬೇಕೆಂದಿದ್ದವಳು ಇಡಲಿಲ್ಲ. "ಹುಟ್ಟಿದಾಗಿಂದ ಬೂದೀನ ಐತೇನ್ರಿ?"

"ಎಲ್ಲೀದು? ಬೂದಿ ಪೂಡಲ್ ಹುಟ್ಟೂದು ಕಪ್ಪಾಗೆ. ಆ ಗುಣ ಇದ್ದ ಮರಿಗೆ ಬೆಳೀತಾ ಬೆಳೀತಾ ಬಣ್ಣ ತಿಳಿಯಾಗ್ತದ. ಸಾಧಾರಣ ಮುಖ, ಪಾದ ಮೊದಲು. ವರ್ಷ ಎರಡು ವರ್ಷದಾಗ ಮೈಯೆಲ್ಲ ಬೂದಿ. ಮುದಿ ನಾಯಿಗೆ ಮೂತಿ ನರೀತದಲ್ಲ, ಅದು ಬ್ಯಾರೆ, ಇದು ಬ್ಯಾರೆ."

"ಇದನ್ನ ಇಷ್ಟು ದಿನ ಯಾಕ ಹೇಳಲಿಲ್ರಿ?" ಅವಳ ದನಿ ಏರಿತು.

"ನೀವು ಪ್ರತಿ ಸಲ ಕಪ್ಪು ನಾಯಿ ಐತೇನು ಅಂತ ಕೇಳ್ತಿದ್ರಿ. ಇಲ್ಲ ಅಂತಿದ್ದೆ."

ವಿಜಯಲಕ್ಷ್ಮಿ ಕಣ್ಣು ಮುಚ್ಚಿದಳು. ಬಣ್ಣ ಬಿಟ್ಟ ನಾಯಿಗಾಗಿ ನಾಲ್ಕು ತಾಲ್ಲೂಕು ಅಲೆದದ್ದು, ರಮಜಾನನ ಆಟೋ, ಎಲ್ಲ ಒಟ್ಟಿಗೆ ತಲೆಗೆ ಬಂತು. "ಮಾಲಕರ ಹೆಸರು?"

"ಧೀರೇಂದ್ರ ಅಂತ. ಹೈಸ್ಕೂಲ್ ಮಾಸ್ತರ. ಒಬ್ಬರ ಇರ್ತಾರ."

ಆ ಹೆಸರು ಅವಳಿಗೆ ಗೊತ್ತಿತ್ತು. ಸಾವಿತ್ರೀಬಾಯಿಯ ತಂಗಿಯ ಮಗ. ರಜೆ ಹಾಕಿ ಆಸ್ಪತ್ರೆಯಲ್ಲಿ ದೊಡ್ಡಮ್ಮನ ಹಾಸಿಗೆಯ ಪಕ್ಕ ಕೂತಿದ್ದವನು. ಅವನ ಹೇಳಿಕೆಯನ್ನು ತಾನೇ ಬರೆದುಕೊಂಡು, ಇಂಥ ಮಕ್ಕಳಿರಬೇಕು ಎಂದು ಕಾಂತುಗೆ ಹೇಳಿದ್ದಳು.

ಮರುದಿನ ಪಂಚರೊಂದಿಗೆ ಅವನ ಬಾಗಿಲು ತಟ್ಟಿದರು. ಬೂದಿ ಬಣ್ಣದ ನಾಯಿ ಮೊದಲು ಬಂತು, ಅದರ ಹಿಂದೆ ಧೀರೇಂದ್ರ.

"ನಿಮ್ಮ ದೊಡ್ಡಮ್ಮನ ಮರಿ ಇದೇನು?"

"ಅದು ಕಪ್ಪಿತ್ತಲ್ರಿ. ಇದು..."

ಅವಳು ಕುಕ್ಕರಗಾಲಲ್ಲಿ ಕೂತು ಎಡಗಿವಿ ಮಡಚಿದಳು. ಕೂದಲಿಲ್ಲದ ನುಣ್ಣನೆಯ ಕಲೆ. ಕಲೆ ಮಾತ್ರ ಬಣ್ಣ ಬದಲಿಸಿರಲಿಲ್ಲ. ಧೀರೇಂದ್ರ ಟ್ರಂಕಿನ ಬೀಗದ ಕೈ ತೆಗೆದುಕೊಟ್ಟ. ಟ್ರಂಕಿನಲ್ಲಿ, ಹಳೆಯ ಇಳಕಲ್ ಸೀರೆಯೊಂದರ ಮಡಿಕೆಯೊಳಗೆ ಪಾಟಲಿಗಳು ಸಿಕ್ಕವು. ಪುಣೆಯ ತಾಯಿನಾಯಿಯ ರಕ್ತದೊಂದಿಗೆ ಹೋಲಿಸಲು ಡಾಕ್ಟರ್ ಯುನೂಸ ಮಾದರಿ ತೆಗೆದರು. ಬಂಧನವಾಯಿತು.

ದಾರಿಯಲ್ಲಿ ಅವಳು ರಮಜಾನನಿಗೆ ಫೋನ್ ಮಾಡಿ ತಿಳಿಸಿದಳು. ಅವನು, "ನನಗ್ಯಾಕ ಹೇಳ್ತೀರಿ ಮೇಡಂ? ನಾ ಕಳ್ಳ ಅಲ್ಲಂತ ನನಗ ಗೊತ್ತಿತ್ತು. ಊರಿಗೆ ಹೇಳ್ರಿ" ಎಂದ.

ಸಾವಿತ್ರೀಬಾಯಿ ವಾಕರ್ ಹಿಡಿದುಕೊಂಡೇ ಸುದ್ದಿ ಕೇಳಿದರು. "ಆಸ್ಪತ್ರ್ಯಾಗ ನನಗ ಗಂಜಿ ಕುಡಿಸಿದವ ಅವನ ಅಲ್ಲೇನವಾ?" ಎಂದಷ್ಟೇ ಕೇಳಿ ಒಳಗೆ ಹೋದರು.

ಠಾಣೆಯಲ್ಲಿ ಧೀರೇಂದ್ರ ಯಾವುದನ್ನೂ ಅಲ್ಲಗಳೆಯಲಿಲ್ಲ.

"ಮಾರಿಲ್ಲ ಯಾಕ?"

"ಮಾರಾಕ ತಗೊಂಡಿಲ್ರಿ. ಅವು ನಮ್ಮ ಅವ್ವನವು. ಸಾಯೂ ಮುಂದ ದೊಡ್ಡಮ್ಮನ ಕೈಯಾಗ ಕೊಟ್ಟಿದ್ಲು, ಸೊಸಿಗೆ ಹಾಕು ಅಂತ. ಕೇಳಿದಾಗೊಮ್ಮೆ ದೊಡ್ಡಮ್ಮ, 'ಹೆಂಡ್ತಿ ಕರಕೊಂಡು ಬಾ, ಅವಳ ಕೈಗೆ ಹಾಕ್ತೇನಿ' ಅಂತಿದ್ದಳು. ನನಗ ಐವತ್ತು ಹತ್ರ ಬಂತ್ರಿ. ಯಾರನ್ನ ಕರಕೊಂಡು ಹೋಗಲಿ?"

"ಅವರು ಬಿದ್ದಾಗ?"

"ನಿಂತಿದ್ದೆ. ನರಳೂದು ಕೇಳಿಸ್ತು. ಹೆಸರು ಹಿಡಿದು ಕೂಗ್ತಾಳಂತ ಓಡಿದೆ." ಅವನು ಮುಖ ಒರೆಸಿಕೊಂಡ.

ವಿಜಯಲಕ್ಷ್ಮಿ ಬರೆಯುವುದನ್ನು ನಿಲ್ಲಿಸಿದಳು. "ನಾಯಿ ಯಾಕ ಒಯ್ದಿ? ಅದಿಲ್ಲದಿದ್ರ ನೀ ಸಿಗ್ತಿರಲಿಲ್ಲ."

"ನಾ ಒಯ್ಯಲಿಲ್ರಿ. ಬಸ್ ಸ್ಟ್ಯಾಂಡ್ ತನಕ ಹಿಂದ ಹಿಂದ ಬಂತು. ಎರಡು ಸಲ ಓಡಿಸಿದೆ, ಮತ್ತ ಬಂತು. ನನ್ನ ಬೆನ್ನು ಹತ್ತಿ ಬಂದದ್ದು ಅದೊಂದ ರೀ."

ಅವಳು ಆ ಮಾತನ್ನೂ ಹೇಳಿಕೆಯಲ್ಲಿ ಬರೆದಳು, ಅವನ ಸಹಿ ಹಾಕಿಸಿಕೊಂಡಳು.