ನೀರಿನ ಜೊತೆ ಬೆಲ್ಲ

ನಾನು ಬೆಲ್ಲ ಒಡೆಯುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಹೆಂಗಸರು ಕಿಲಕಿಲ ನಕ್ಕರು. ಉಪ್ಪುಂದದ ಆ ಮನೆಯಲ್ಲಿ ಅಂದು ಮಧ್ಯಾಹ್ನ ನಾನೊಬ್ಬಳೇ ಇದ್ದೆ.

ಮದುವೆಯಾಗಿ ಎಂಟು ದಿನ. ಮನೆಯವರೆಲ್ಲ ಕುಂದಾಪುರಕ್ಕೆ ಹೋಗಿದ್ದರು. ಕೊಡೆ ರಿಪೇರಿಯವನೊಬ್ಬ ಬಂದು ಜಗಲಿಯಲ್ಲಿ ಕೂತು, "ಹ್ವಾಯ್ ಅಮ್ಮಾ, ಒಂಚೂರ್ ನೀರ್ ಕೊಡಿ" ಎಂದಿದ್ದ. ಬಂದವರಿಗೆ ಬರೀ ನೀರು ಕೊಡುವುದುಂಟೇ? ನೀರಿಟ್ಟು ಬೆಲ್ಲಕ್ಕೆಂದು ಒಳಗೆ ಬಂದಿದ್ದೆ.

ಹಾಲಾಡಿ ಕಡೆ ಮೂವರು ಹೆಂಗಸರನ್ನು ಕೊಂದವನು ಅವನೇ ಎಂದು ತಿಳಿದದ್ದು ತಿಂಗಳ ಮೇಲೆ, ಪೇಪರಿನಲ್ಲಿ ಫೋಟೋ ಬಂದಾಗ. ಯಾರ ಚಿನ್ನವನ್ನೂ ಮುಟ್ಟಿರಲಿಲ್ಲ. ಕೇಳದೆ ಬೆಲ್ಲ ಕೊಡುವವಳು ಒಂಟಿಯಾಗಿರುತ್ತಾಳೆ, ಮಾತಿಗೆ ಜನ ಕಾಯುತ್ತಿರುತ್ತಾಳೆ, ಅಂಥವಳನ್ನೇ ಆರಿಸುತ್ತಿದ್ದೆ ಎಂದು ಪೊಲೀಸರಿಗೆ ಹೇಳಿದನಂತೆ. ಅವಳು ತನ್ನನ್ನು ನಂಬುವುದನ್ನು ನೋಡುವುದೇ ಅವನಿಗೆ ಸುಖವಂತೆ.

ಅಂದು ಆ ನಗು ಕೇಳಿ ನನಗೆ ಭಯವೇ ಆಗಲಿಲ್ಲ. ಏಪ್ರಿಲ್ ಸೆಕೆಯಲ್ಲೂ ಅಡುಗೆಮನೆಯ ನೆಲ ಬಾವಿಕಟ್ಟೆಯಂತೆ ತಣ್ಣಗಿತ್ತು. ಒದ್ದೆ ಮಲ್ಲಿಗೆಯ ಪರಿಮಳ, ಬಳೆಗಳ ಸದ್ದು.

"ದೊಡ್ಡ ತುಂಡೇ ಒಡಿ ಹೆಣೆ, ಈಗ್ಳೇ ಜಿಪುಣಿ ಆಪುದಾ?" ಎಂದಿತು ಒಂದು ದನಿ, ಗೆಳತಿಯನ್ನು ಕರೆದಂತೆ. ಇನ್ನೆರಡು ದನಿಗಳು ಬಿದ್ದು ಬಿದ್ದು ನಕ್ಕವು. ತವರಿಗೆ ಬಂದಷ್ಟು ಖುಷಿಯಾಗಿ ನಾನೂ ನಕ್ಕೆ. ಇಣುಕಿದರೆ ಕೋಣೆ ಖಾಲಿ. ನಗು ಮಾತ್ರ ನಿಂತಿರಲಿಲ್ಲ.

ಆ ನಗುವಿನಲ್ಲೇ ಹೊರಗೆ ಬಂದು ಬೆಲ್ಲ ಚಾಚಿದೆ. ಅವನು ಎದ್ದು ನಿಂತಿದ್ದ. ಚೀಲ ಆಗಲೇ ಹೆಗಲೇರಿತ್ತು. ಕಣ್ಣು ನನ್ನನ್ನು ದಾಟಿ ಒಳಬಾಗಿಲಲ್ಲಿ ನೆಟ್ಟಿತ್ತು.

"ತಕಣಿ" ಎಂದೆ.

"ಬೆಲ್ಲ ಬ್ಯಾಡ" ಎಂದ.