ಚಪ್ಪಲಿ ಮೆಟ್ಟಿದ ಕೋಲು

ಮೂರು ರಸ್ತೆ ಆಚೆ ಒಂದು ಕಾರು ಗೇರು ಬದಲಿಸಿದರೆ ಸಾಕು, ಅದು ಯಾರ ಕಾರು, ಓಡಿಸುತ್ತಿರುವವರ ಮನಸ್ಸು ಹೇಗಿದೆ, ಬೆಳಿಗ್ಗೆ ಯಾರ ಜೊತೆ ಮುನಿಸಿಕೊಂಡು ಹೊರಟಿದ್ದಾರೆ ಎಂಬುದನ್ನೆಲ್ಲ ನಾನು ಗ್ಯಾರೇಜಿನಲ್ಲಿ ಕೂತೇ ಹೇಳಬಲ್ಲೆ. ಇಂಥ ಕಿವಿ ಭೂಮಂಡಲದಲ್ಲಿ ಎರಡೇ ಜೋಡಿ ಇವೆ. ಇನ್ನೊಂದು ಜೋಡಿ ಯಾರದೋ ನನಗೆ ಗೊತ್ತಿಲ್ಲ, ಸೌಜನ್ಯಕ್ಕೆ ಎರಡು ಎಂದೆ.

ಊರವರು ನನ್ನನ್ನು ಬಂಡಲ್ ಮೆಕ್ಯಾನಿಕ್ ಎನ್ನುತ್ತಾರೆ. ಬರೀ ಬಂಡಲ್ ಬಿಡುತ್ತಾನೆ ಎಂಬ ಅರ್ಥದಲ್ಲಿ. ಹೊಟ್ಟೆಕಿಚ್ಚು, ಮತ್ತೇನಿಲ್ಲ.

ಆ ಶನಿವಾರ ಮಧ್ಯಾಹ್ನ ಪಕ್ಕದ ಅಂಗಡಿಯ ಟೈಲರಿಗೆ ಕೂಗಿ ಹೇಳಿದೆ. "ಟೀಚರ್ ಕಾರು ಬರ್ತಿದೆ ಅಣ್ಣಾ. ಕ್ಲಚ್ ಹೋಗಿದೆ. ಅವರ ಮನಸ್ಸೂ ಸರಿಯಿಲ್ಲ."

"ಬಂಡಲ್," ಎಂದ ಟೈಲರ್, ಹೊಲಿಗೆ ಯಂತ್ರ ನಿಲ್ಲಿಸದೆಯೇ. "ಕ್ಲಚ್ ಹೋಗಿದೆ, ಬರ್ತಿದ್ದೀನಿ ಅಂತ ಅವರು ಫೋನ್ ಮಾಡಿದ್ದು ನಂಗೂ ಕೇಳಿಸ್ತು ಕಣೋ. ಸ್ಪೀಕರಲ್ಲಿ ಹಾಕ್ಕೊಂಡು ಮಾತಾಡ್ತೀಯ."

ಕಾರು ಬಂದು ನಿಂತಿತು. ನಿಂತಿತು ಎನ್ನುವುದಕ್ಕಿಂತ, ಎರಡು ಸಲ ಕುಪ್ಪಳಿಸಿ ಉಸಿರು ಬಿಟ್ಟಿತು.

ಟೀಚರ್ ಎಂದರೆ ಡ್ರೈವಿಂಗ್ ಸ್ಕೂಲಿನ ಟೀಚರ್. ಅವರ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಜೊತೆ ಪೆಡಲ್ ಇದೆ. ಕಲಿಯುವವರು ಗಾಬರಿಬಿದ್ದಾಗ ಒತ್ತಲಿಕ್ಕೆ ಅವರ ಕಾಲು ಸದಾ ಅಲ್ಲಿ ಕಾದಿರುತ್ತದೆ. ಹದಿನಾಲ್ಕು ವರ್ಷದಲ್ಲಿ ಈ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಅವರು ನಕ್ಕರೆ ನನ್ನ ಗ್ಯಾರೇಜಿನಲ್ಲಿ ತುಕ್ಕು ಹಿಡಿದ ನಟ್ಟುಗಳೆಲ್ಲ ತಾವಾಗಿ ಸಡಿಲವಾಗುತ್ತವೆ, ಎಣ್ಣೆಯೇ ಬೇಡ. ಆದರೆ ಆರು ವರ್ಷದಿಂದ ಇಲ್ಲಿಗೆ ಬರುತ್ತಿದ್ದಾರೆ, ನಕ್ಕಿದ್ದು ನಾಲ್ಕೇ ಸಲ. ಈ ಲೆಕ್ಕಕ್ಕೆ ನಾನೇನೂ ಸೇರಿಸಿಲ್ಲ.

"ಒತ್ತಿದ್ರೆ ಪೆಡಲ್ ನೆಲಕ್ಕೆ ಹೋಗಿ ಅಲ್ಲೇ ಮಲಗಿಬಿಡುತ್ತೆ," ಎಂದರು. "ಇವತ್ತೇ ಆಗ್ಬೇಕು. ನಾಳೆ ಬೆಳಿಗ್ಗೆ ಹೊರಡ್ತಿದ್ದೀನಿ."

"ಎಲ್ಲಿಗೆ?"

"ಅಕ್ಕನ ಊರಿಗೆ. ಮುನ್ನೂರು ಕಿಲೋಮೀಟರ್. ಅಕ್ಕ ಅಲ್ಲಿ ದೊಡ್ಡದಾಗಿ ಸ್ಕೂಲ್ ತೆಗೀತಿದ್ದಾಳೆ, ನೀನೇ ನೋಡ್ಕೋಬೇಕು ಅಂದ್ಲು. ಮಾತು ಕೊಟ್ಟಿದ್ದೀನಿ."

"ವಾಪಸ್ ಯಾವಾಗ?"

ಅವರು ಕಾರಿನ ಕಡೆ ನೋಡಿದರು. ಹಿಂದಿನ ಸೀಟಿನಲ್ಲಿ ಸುತ್ತಿಟ್ಟ ಹಾಸಿಗೆ, ಒಂದು ಟೇಬಲ್ ಫ್ಯಾನು, ಹಗ್ಗ ಕಟ್ಟಿದ ಪೆಟ್ಟಿಗೆಗಳು. "ರೂಮಿನ ಬೀಗದ ಕೈ ನಾಳೆ ಓನರಿಗೆ ಕೊಟ್ಟುಬಿಡ್ತೀನಿ," ಎಂದರು.

ಒಂದೂ ಬಂಡಲ್ ಬಿಡದೆ ಸ್ಪ್ಯಾನರ್ ಎತ್ತಿಕೊಂಡೆ. ಹುಟ್ಟಿದಾಗಿನಿಂದ ಮೊದಲ ಸಲ.

ಕಾರಿನಡಿ ನುಗ್ಗಿ ನೋಡಿದೆ. ಗೇರ್ ಬಾಕ್ಸಿನ ಪಕ್ಕದ ಕ್ಲಚ್ ಸಿಲಿಂಡರ್ ಸೋರುತ್ತಿತ್ತು. ಬದಲಾಯಿಸಿದೆ, ಕಣ್ಣು ಮಿಟುಕಿಸುವುದರೊಳಗೆ. (ಟೈಲರ್ ಒಂದೂವರೆ ಗಂಟೆ ಎನ್ನುತ್ತಾನೆ.) ಇನ್ನು ಉಳಿದದ್ದು ಏರ್ ತೆಗೆಯುವುದು. ಪೈಪಿನ ತುಂಬ ಆಯಿಲ್ ಇದ್ದರೆ ಕಾಲಿನ ಒತ್ತಡ ನೇರ ಕ್ಲಚ್‌ಗೆ ತಲುಪುತ್ತದೆ. ನಡುವೆ ಗಾಳಿ ಸೇರಿಕೊಂಡರೆ ಮುಗಿಯಿತು. ನೀವು ಜೀವ ಹೋಗುವಂತೆ ಒತ್ತುತ್ತಿರುತ್ತೀರಿ, ಆ ಕಡೆಯವರಿಗೆ ಏನೂ ತಲುಪುವುದೇ ಇಲ್ಲ.

ಆ ಗಾಳಿ ತೆಗೆಯಲು ಇಬ್ಬರು ಬೇಕು. ಮೇಲೊಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗೊಬ್ಬರು ಸಿಲಿಂಡರಿನ ನಿಪ್ಪಲ್, ಅಂದರೆ ಗಾಳಿ ಬಿಡುವ ತಿರುಪು, ಸಡಿಲಿಸಿ, ಗುಳ್ಳೆ ಹೊರಬಿಟ್ಟು, ಮತ್ತೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಮೇಲಿನವರು ಕಾಲು ತೆಗೆದರೆ ಗಾಳಿ ಮತ್ತೆ ಒಳಗೆ. ಹಾಗಾಗಿ ಒಬ್ಬರು ಕೂಗಬೇಕು, ಇನ್ನೊಬ್ಬರು ಓಗೊಡಬೇಕು.

ನನಗೆ ಓಗೊಡುತ್ತಿದ್ದವನು ನನ್ನ ಅಣ್ಣ. ಹನ್ನೊಂದು ವರ್ಷ ಅವನು ಮೇಲೆ, ನಾನು ಕೆಳಗೆ. ಅವನು ತೀರಿಕೊಂಡು ಐದು ವರ್ಷವಾಯಿತು. ಈ ವಿಷಯಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ.

ಆಮೇಲೆ ಒಂದು ಕೋಲು ಮಾಡಿಕೊಂಡೆ. ಒಂದು ತುದಿ ಪೆಡಲ್ ಮೇಲೆ, ಇನ್ನೊಂದು ಸೀಟಿಗೆ ಆನಿಸಿ ಬಿಗಿದರೆ ಆಯಿತು. ಜಾರಬಾರದೆಂದು ಪೆಡಲ್ ಕಡೆಯ ತುದಿಗೆ ಒಂದು ಎಡಗಾಲಿನ ಚಪ್ಪಲಿ ಮೊಳೆ ಹೊಡೆದು ಕೂರಿಸಿದ್ದೇನೆ. ಪ್ರತಿ ಸಲ ಕಾರಿನಡಿಯಿಂದ ಎದ್ದು ಬಂದು ಕೋಲು ಸಿಕ್ಕಿಸಬೇಕು, ಮತ್ತೆ ಕೆಳಗೆ ಹೋಗಬೇಕು, ಮತ್ತೆ ಎದ್ದು ಬಂದು ತೆಗೆಯಬೇಕು. ಕೆಲಸ ಆಗುತ್ತದೆ. ಕೋಲು ಮಾತಾಡುವುದಿಲ್ಲ, ಅಷ್ಟೇ.

ಆ ಕೋಲು ಅಲ್ಲೇ ಗೋಡೆಗೆ ಒರಗಿತ್ತು. ನಾನು ಟೀಚರ್ ಮುಖ ನೋಡುತ್ತಲೇ ಕಾಲಿನಿಂದ ಮೆಲ್ಲಗೆ ಅದನ್ನು ಹಳೇ ಟಯರುಗಳ ಹಿಂದೆ ತಳ್ಳಿದೆ.

"ಒಬ್ಬರು ಮೇಲೆ ಕೂತು ಒತ್ತಬೇಕಿತ್ತು," ಎಂದೆ.

"ಕೆಲಸದೋರು ಯಾರೂ ಇಲ್ವಾ?"

"ಇದ್ದಾರೆ, ಹನ್ನೆರಡು ಜನ. ಎಲ್ಲರಿಗೂ ಇವತ್ತು ರಜ."

ಅವರು ಸುತ್ತ ನೋಡಿದರು. ಒಂದು ಕುರ್ಚಿ. ಮೊಳೆಗೆ ಒಂದು ಟವೆಲ್. ಕಿಟಕಿಯಲ್ಲಿ ಒಂದು ಲೋಟ.

"ಹನ್ನೆರಡು ಜನಕ್ಕೂ ಒಂದೇ ಲೋಟಾನಾ?"

"ಸರದಿಯಲ್ಲಿ ಕುಡೀತಾರೆ."

ಅವರ ತುಟಿಯ ಎಡತುದಿ ಒಂದು ಕೂದಲೆಳೆಯಷ್ಟು ಮೇಲೆ ಹೋಯಿತು. ನಾಲ್ಕೂ ಕಾಲು ಸಲ ಎಂದು ತಿದ್ದಿಕೊಂಡೆ.

ಅವರು ಕೂತರು, ನಾನು ರಟ್ಟು ಹಾಸಿಕೊಂಡು ಕೆಳಗೆ ಮಲಗಿದೆ. ನಿಪ್ಪಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯ ಆಯಿಲಿನಲ್ಲಿ ಮುಳುಗಿಸಿದೆ.

"ಒತ್ತಿ!"

"ಒತ್ತಿದೆ."

ತಗಡನ್ನು ದಾಟಿ ಬಂದ ಆ ಧ್ವನಿ! ದೇವರಾಣೆ, ಎದೆಯೊಳಗಿನ ನಾಲ್ಕೂ ಸಿಲಿಂಡರ್ ಒಟ್ಟಿಗೆ ಹೊತ್ತಿಕೊಂಡವು. ನಿಪ್ಪಲ್ ಸಡಿಲಿಸಿದೆ. ಬುಳುಬುಳು ಗುಳ್ಳೆ ಬಂತು. ಬಿಗಿ ಮಾಡಿದೆ.

"ಬಿಡಿ."

"ಬಿಟ್ಟೆ. ಪೆಡಲ್ ಮೇಲೆ ಬರ್ತಾನೇ ಇಲ್ಲ."

"ಬರಲ್ಲ. ನಾನು ನಿಪ್ಪಲ್ ಬಿಚ್ಚಿದಾಗ ಅದರ ಜೀವ ಹೋಗಿರುತ್ತೆ. ಕಾಲ್ಬೆರಳಲ್ಲಿ ಎತ್ತಬೇಕು."

"ಎತ್ತಿದೆ."

ಹೀಗೇ ನಡೆಯಿತು. ಒತ್ತಿ, ಒತ್ತಿದೆ. ಬಿಡಿ, ಬಿಟ್ಟೆ, ಎತ್ತಿದೆ. ನಡುನಡುವೆ ನಾನು ಎದ್ದು ಮೇಲಿನ ಡಬ್ಬಿಗೆ ಆಯಿಲ್ ತುಂಬಿಸಿ ಬರುತ್ತಿದ್ದೆ. ಬಾನೆಟ್ ಎತ್ತಿತ್ತು, ಅದರ ಕೆಳಗಿನ ಸಂದಿಯಿಂದ ಸ್ಟಿಯರಿಂಗ್ ಮೇಲಿಟ್ಟ ಅವರ ಎರಡು ಬೆರಳು ಮಾತ್ರ ಕಾಣುತ್ತಿದ್ದವು. ಯಾವುದೋ ತಾಳ ಹಾಕುತ್ತಿದ್ದವು. ನಾನು ನೋಡಿದ್ದು ಗೊತ್ತಾಗಿ ನಿಂತವು. ನಾನು ತಲೆ ಬಗ್ಗಿಸಿದೆ, ಮತ್ತೆ ಶುರುವಾದವು.

ಇಪ್ಪತ್ತೊಂದನೇ ಸಲ ಟ್ಯೂಬಿನಲ್ಲಿ ಒಂದೇ ಒಂದು ಗುಳ್ಳೆ ಬರಲಿಲ್ಲ. ಆಯಿಲ್ ಗಾಜಿನ ಕಡ್ಡಿಯ ಹಾಗೆ ನೆಟ್ಟಗೆ ಇಳಿಯಿತು. ಅಂದರೆ ಕೆಲಸ ಮುಗಿಯಿತು. ನಿಪ್ಪಲ್ ಬಿಗಿ ಮಾಡಿದೆ. ಈಗ "ಆಯ್ತು" ಎಂದರೆ ಅವರು ದುಡ್ಡು ಕೊಡುತ್ತಾರೆ, ಕೀಲಿ ತಿರುಗಿಸುತ್ತಾರೆ, ನಾಳೆ ಇಷ್ಟು ಹೊತ್ತಿಗೆ ಮುನ್ನೂರು ಕಿಲೋಮೀಟರ್ ಆಚೆ ಇರುತ್ತಾರೆ.

"ಬಿಡಿ. ಒತ್ತಿ," ಎಂದೆ.

ಒಂದು ಕ್ಷಣ ತಡವಾಯಿತು. "ಒತ್ತಿದೆ."

ನಾನು ಸ್ಪ್ಯಾನರ್ ಮುಟ್ಟಲಿಲ್ಲ. "ಹಿಡಿದಿರಿ... ಅಲ್ಲಿ ನಿಮಗೆ ಪರಿಚಯದೋರು ಇದ್ದಾರಾ?"

"ಅಕ್ಕ, ಭಾವ, ಅವರ ಮಕ್ಕಳು. ಬಿಡಲಾ?"

"ಬಿಡಿ. ಒತ್ತಿ. ಇಲ್ಲಿ ಎಷ್ಟೊಂದು ಜನ ಪರಿಚಯ ಅಲ್ವಾ ನಿಮಗೆ? ಅರ್ಧ ಊರಿಗೆ ಕಲಿಸಿದ್ದೀರಿ."

"ಕಲಿತ ಮೇಲೆ ಹೋಗ್ತಾರಲ್ಲ. ಹೋಗ್ಲಿ ಅಂತಾನೇ ಕಲಿಸೋದು. ದಾರೀಲಿ ಸಿಕ್ಕಿದ್ರೆ ಹಾರ್ನ್ ಮಾಡ್ತಾರೆ. ನಿಲ್ಲಿಸಲ್ಲ."

ನಾನು ಕಾರಿನಡಿ ಮಲಗಿ ಗೇರ್ ಬಾಕ್ಸ್ ನೋಡುತ್ತಿದ್ದೆ. ಲೋಕದಲ್ಲೇ ಅಷ್ಟು ಒಂಟಿಯಾದ ಗೇರ್ ಬಾಕ್ಸ್ ಇನ್ನೊಂದಿರಲಿಲ್ಲ.

"ಬಿಡಿ," ಎಂದೆ.

"ಬಿಟ್ಟೆ."

"ಒತ್ತಿ."

"ಒತ್ತಿದೆ."

ಬಿಸಿಲು ಶಟರಿನ ಕೆಳಗಿಂದ ನುಗ್ಗಿ ನನ್ನ ಮೊಣಕಾಲು ಮುಟ್ಟಿ, ಹಾಗೇ ಗೋಡೆ ಹತ್ತಿತು. ನಾನು ಒತ್ತಿಸುತ್ತಲೇ ಇದ್ದೆ. ಕೆಲಸ ಕೆಟ್ಟಿದ್ದರಿಂದಲ್ಲ, ಸರಿಹೋಗಿದ್ದರಿಂದ ಸಂಕಟಪಟ್ಟ ಮೆಕ್ಯಾನಿಕ್ಕು ಇತಿಹಾಸದಲ್ಲಿ ನಾನೊಬ್ಬನೇ.

ಅಷ್ಟರಲ್ಲಿ ಟೈಲರ್ ಬಾಗಿಲಲ್ಲಿ ಇಣುಕಿದ. "ಏನಪ್ಪಾ, ಗಾಳಿ ತೆಗೀತಿದ್ದೀಯೋ, ತುಂಬ್ತಿದ್ದೀಯೋ? ಪಾಪ, ಟೀಚರ್ ಕಾಲು ಬಿದ್ದುಹೋಗುತ್ತೆ. ನಿನ್ನ ಕೋಲು ಏನಾಯ್ತೋ?"

"ಯಾವ ಕೋಲು?" ಎಂದರು ಟೀಚರ್.

"ಅದೇ, ಪೆಡಲ್ ಒತ್ತೋ ಕೋಲು. ಬೆಳಿಗ್ಗೆ ಇಲ್ಲೇ ಇತ್ತಲ್ಲ," ಎಂದು ಹೇಳಿ ಆ ಮಹಾನುಭಾವ ಹೋಗಿಬಿಟ್ಟ.

ನಾನು ಕಾರಿನಡಿಯೇ ಇದ್ದೆ. ಅಲ್ಲೇ ಸಂಸಾರ ಹೂಡೋಣ ಎನಿಸಿತು. ಬಾಗಿಲು ತೆರೆದ ಸದ್ದು. ಅವರ ಪಾದಗಳು ಇಳಿದವು, ನಡೆದವು, ಟಯರುಗಳ ಹತ್ತಿರ ನಿಂತವು.

"ಇದು ಯಾರ ಚಪ್ಪಲಿ?"

ಹೊರಗೆ ಬಂದೆ. ಅವರ ಕೈಯಲ್ಲಿ ಕೋಲು. "ಅಣ್ಣಂದು," ಎಂದೆ. "ಅವನೇ ಒತ್ತುತ್ತಿದ್ದ."

ಅವರು ಚಪ್ಪಲಿಯ ಸವೆದ ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದರು. ಬೈಯುತ್ತಾರೆ ಎಂದು ಕಾದೆ. ಬೈಗುಳಕ್ಕೆ ನನ್ನ ಬಳಿ ನೂರೆಂಟು ಉತ್ತರ ತಯಾರಿದ್ದವು. ಟೀಚರ್ ಬೈಯಲಿಲ್ಲ.

"ಇಪ್ಪತ್ತೊಂದನೇ ಸಲಕ್ಕೇ ಗಾಳಿ ಹೋಗಿತ್ತು," ಎಂದರು.

"ಅದು... ಒಳಗೆ ಸಣ್ಣ ಸಣ್ಣ ಗುಳ್ಳೆ..."

"ಆಮೇಲೆ ಪೆಡಲ್ ತಾನಾಗೇ ಎದ್ದು ಬರ್ತಿತ್ತು. ಕಾಲ್ಬೆರಳು ಹಾಕೋ ಕೆಲಸಾನೇ ಇರಲಿಲ್ಲ. ನೀವು ನಿಪ್ಪಲ್ ಬಿಚ್ತಾ ಇಲ್ಲ ಅಂತ ನನ್ನ ಕಾಲಿಗೆ ಗೊತ್ತಾಗಲ್ವಾ? ಹದಿನಾಲ್ಕು ವರ್ಷ ಕ್ಲಚ್ ಮೇಲೇ ಇಟ್ಟ ಕಾಲು ಇದು."

ಊರಿಗೆಲ್ಲ ಸುಳ್ಳು ಹೇಳಿ ದಕ್ಕಿಸಿಕೊಂಡವನು ನಾನು. ಈ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಓದಿದ ಎಡಗಾಲಿಗೆ ಸುಳ್ಳು ಹೇಳಲು ಹೋಗಿದ್ದೆ.

"ಗೊತ್ತಿದ್ದೂ ಯಾಕೆ ಒತ್ತಿದ್ರಿ?" ಎಂದೆ. "ಆಮೇಲೂ ಒಂದು ನಲವತ್ತು ಸಲ?"

"ನಲವತ್ಮೂರು." ಅವರು ಕೋಲನ್ನು ನೋಡುತ್ತಲೇ ಹೇಳಿದರು. "ಇಷ್ಟು ವರ್ಷ ಒತ್ತಿ, ಬಿಡಿ ಅಂತ ನಾನೇ ಹೇಳ್ತಿದ್ದೆ. ಇವತ್ತು ಯಾರೋ ನನಗೆ ಹೇಳಿದ್ರು. ಚೆನ್ನಾಗಿತ್ತು."

ಪಕ್ಕದಲ್ಲಿ ಹೊಲಿಗೆ ಯಂತ್ರ ಓಡಿತು, ನಿಂತಿತು, ಮತ್ತೆ ಓಡಿತು.

"ಒಂದು ಮಾತು ಕೇಳ್ತೀನಿ," ಎಂದರು. "ಬಂಡಲ್ ಬಿಡಬಾರದು. ಕಾರು ನಾಳೆ ಹೋಗುತ್ತಾ?"

ಇಲ್ಲ ಎನ್ನಬಹುದಿತ್ತು. ಇನ್ನೊಂದು ಪಾರ್ಟ್ ಬರಬೇಕು, ಒಂದು ವಾರ ಆಗುತ್ತೆ ಎನ್ನಬಹುದಿತ್ತು. ಅಂಥ ಸುಳ್ಳು ನನಗೆ ನಿದ್ದೆಯಲ್ಲೂ ಬರುತ್ತದೆ. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಆ ಕಣ್ಣೂ ಎಡಗಾಲಿನಷ್ಟೇ ಓದಿತ್ತು.

"ಹೋಗುತ್ತೆ," ಎಂದೆ. "ಮುನ್ನೂರಲ್ಲ, ಮೂರು ಸಾವಿರ ಕಿಲೋಮೀಟರ್ ಹೋದ್ರೂ ಏನೂ ಆಗಲ್ಲ. ಇದು ಬಂಡಲ್ ಅಲ್ಲ."

"ಮತ್ತೆ?"

"ನೀವು ಹೋಗೋದು ನನಗೆ ಇಷ್ಟ ಇಲ್ಲ. ಇದೂ ಬಂಡಲ್ ಅಲ್ಲ."

ಜೀವಮಾನದಲ್ಲಿ ನಾನಾಡಿದ ಅತಿ ಚಿಕ್ಕ ಭಾಷಣ ಅದು.

"ಅಕ್ಕ ದಾರಿ ಕಾಯ್ತಿರ್ತಾಳೆ," ಎಂದರು, ಮೆತ್ತಗೆ. "ಹೋಗ್ಲೇಬೇಕು."

"ಹೌದು, ಹೋಗ್ಬೇಕು," ಎಂದೆ.

ಅವರು ಹಿಂದಿನ ಬಾಗಿಲು ತೆರೆದು, ಫ್ಯಾನನ್ನು ಒಂದಿಷ್ಟು ಸರಿಸಿ, ಕೋಲನ್ನು ಒಳಗಿಟ್ಟರು.

"ಟೀಚರ್, ಅದು ನನ್ನ ಕೋಲು!"

"ಗೊತ್ತು. ಅಣ್ಣನ ಚಪ್ಪಲಿ ಬೇಕಾದ್ರೆ ಬಿಚ್ಚಿ ಕೊಡ್ತೀನಿ."

"ಬೇಡ ಬಿಡಿ... ಅವನಿಗೆ ಊರು ಸುತ್ತೋದು ಇಷ್ಟ. ಆದ್ರೆ ಇನ್ನೊಂದು ಕ್ಲಚ್ ಕೆಲಸ ಬಂದ್ರೆ ನಾನೇನು ಮಾಡ್ಲಿ?"

"ನನ್ನ ಕರೀರಿ."

"ಮುನ್ನೂರು ಕಿಲೋಮೀಟರ್ ದೂರದಿಂದಾನಾ?"

"ಮೂರು ಸಾವಿರಕ್ಕೂ ಏನೂ ಆಗಲ್ಲ ಅಂದ್ರಲ್ಲ," ಎಂದರು. ನಕ್ಕರು. ಐದನೇ ಸಲ.

ಮರುದಿನ ಬೆಳಿಗ್ಗೆ ಮೂರು ರಸ್ತೆ ಆಚೆ ಆ ಕಾರು ಫಸ್ಟಿನಿಂದ ಸೆಕೆಂಡಿಗೆ ಬೆಣ್ಣೆಯ ಹಾಗೆ ಜಾರಿದ್ದು ಕೇಳಿಸಿತು. ಥರ್ಡ್ ಕೇಳಿಸಿತು. ಆಮೇಲೆ ನನ್ನ ಕಿವಿಗೂ ಏನೂ ಕೇಳಿಸಲಿಲ್ಲ.

ಅಂಥ ಕೋಲು ಮಾಡಲು ನನಗೆ ಐದು ನಿಮಿಷ ಸಾಕು. ಮಾಡಲಿಲ್ಲ. ಏಳು ವಾರದಲ್ಲಿ ಎರಡು ಕ್ಲಚ್ ಕೆಲಸ ಬಂದವು, ಪುರುಸೊತ್ತಿಲ್ಲ ಎಂದು ಬೇರೆ ಗ್ಯಾರೇಜಿಗೆ ಕಳಿಸಿ ದಿನವಿಡೀ ಒಬ್ಬನೇ ಕೂತಿದ್ದೆ. ಫೋನ್ ಕೈಗೆತ್ತಿಕೊಂಡು ಇಟ್ಟದ್ದು ಸಾವಿರ ಸಲ. ಸರಿ, ಹದಿನಾರು ಸಲ. ಇನ್ನೊಂದು ಲೋಟ ಮಾತ್ರ ತಂದಿಟ್ಟೆ. ಟೈಲರ್ ನೋಡಿ, "ಹದಿಮೂರನೇ ಆಳು ಬಂದನಾ?" ಎಂದ. ನಾನು ಜಗಳಕ್ಕೆ ಹೋಗಲಿಲ್ಲ. ಅವನು ಹೆದರಿ ಹಣೆ ಮುಟ್ಟಿ ನೋಡಿದ.

ಎಂಟನೇ ವಾರ ಮೂರನೇ ಕ್ಲಚ್ ಬಂತು. ಕಾರನ್ನು ಒಳಗೆ ತಳ್ಳಿಸಿಕೊಂಡು ಫೋನ್ ಮಾಡಿದೆ. ಸ್ಪೀಕರ್ ಹಾಕಲಿಲ್ಲ.

"ಟೀಚರ್, ಒಂದು ಪೆಡಲ್ ಒತ್ತಬೇಕಿತ್ತು."

ಆ ಕಡೆ ಒಂದು ಬಾಗಿಲು ಮುಚ್ಚಿದ ಸದ್ದಾಯಿತು, ಮಕ್ಕಳ ಗಲಾಟೆ ನಿಂತಿತು.

"ಎಷ್ಟು ಸಲ?" ಎಂದರು.

"ಅಂದಾಜು ಹೇಳಕ್ಕಾಗಲ್ಲ," ಎಂದೆ.

ಭಾನುವಾರ ಬೆಳಿಗ್ಗೆ ರಟ್ಟು ಝಾಡಿಸಿ ಹಾಸಿದೆ, ಟ್ಯೂಬು ತೊಳೆದಿಟ್ಟೆ, ಟೀ ಮಾಡಿ ಎರಡು ಲೋಟಕ್ಕೆ ಬಗ್ಗಿಸಿದೆ. ಅದು ಆರಿತು. ಮತ್ತೆ ಮಾಡಿದೆ, ಅದೂ ಆರಿತು. ಆಗ, ಮೂರು ರಸ್ತೆ ಆಚೆ, ಯಾರೋ ಥರ್ಡಿನಿಂದ ಸೆಕೆಂಡಿಗೆ ಇಳಿಸಿದರು. ಒಂದು ಚೂರು ಕರಕರ ಇಲ್ಲ.

"ಟೀಚರ್ ಕಾರು ಬರ್ತಿದೆ ಅಣ್ಣಾ," ಎಂದೆ.

"ಬಂಡಲ್," ಎಂದ ಟೈಲರ್.

ಮರುಕ್ಷಣ ಅವನ ಹೊಲಿಗೆ ಯಂತ್ರ ನಿಂತಿತು. ಅವನಿಗೂ ಕೇಳಿಸಿತ್ತು.