ಆಡದ ಮಾತಿನ ದೂರು

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಟೈಲರಮ್ಮ, ಕುರ್ಚಿ ತೋರಿಸಿದರೂ ಕೂರಲಿಲ್ಲ. ಆರು ವರ್ಷದ ಹಿಂದೆ ವಾಚ್ ಅಂಗಡಿಯೊಂದರ ದರೋಡೆಯಲ್ಲಿ ಆಕೆಯ ಮಗ ಕೊಲೆಯಾಗಿದ್ದ. ಕೊಂದವನಿಗೆ ಗಲ್ಲು ಶಿಕ್ಷೆಯಾಗಿ, ಅವನ ಅರ್ಜಿ ಈಗ ಕ್ಷಮಾದಾನ ಮಂಡಳಿಯ ಮುಂದಿತ್ತು. ಸತ್ತವನ ತಾಯಿ ಮಂಡಳಿಗೆ ಬಂದು ಅಪರಾಧಿಯನ್ನು ಕ್ಷಮಿಸಿದ್ದಾಳೆಂದು ಅಂದಿನ ಪತ್ರಿಕೆಯಲ್ಲಿ ಸುದ್ದಿಯಾಗಿತ್ತು.

"ನಾನು ಆ ಕಡೆ ತಲೆ ಹಾಕಿಯೂ ಮಲಗಿಲ್ಲ ಸಾರ್," ಎಂದಳು. "ನನ್ನ ಬಾಯಿಂದ ಬರಬೇಕಾದ ಮಾತನ್ನ ಯಾರೋ ಆಡಿ ಹೋಗಿದ್ದಾರೆ."

ಸೋಗು ಹಾಕಿ ವಂಚಿಸಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಮಂಡಳಿಯ ಕಚೇರಿಗೆ ಹೋದ. ಅಲ್ಲಿನ ಗುಮಾಸ್ತ ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ. ತೀರ್ಮಾನಕ್ಕೆ ಮೊದಲು ಸತ್ತವರ ಮನೆಯವರ ಮಾತು ಕೇಳಬೇಕೆಂಬುದು ನಿಯಮ. ಟೈಲರಮ್ಮನ ಹಳೆಯ ಮನೆಗೆ ಹೋದ ನೋಟಿಸು ವಾಪಸಾಗಿತ್ತು. ಆಮೇಲೊಂದು ದಿನ ಮುಖದ ತುಂಬ ಸೆರಗು ಹೊದ್ದ ಹೆಂಗಸೊಬ್ಬಳು ತಾನೇ ಬಂದು, ನಾನೇ ಆ ತಾಯಿ ಎಂದಳಂತೆ.

"ಗುರುತಿನ ಚೀಟಿ ನೋಡಿದ್ರಾ?"

"ಅಳ್ತಿರೋ ತಾಯಿ ಹತ್ರ ಏನಂತ ಕೇಳೋದು ಸಾರ್?"

ಆಕೆಯ ಹೇಳಿಕೆಯ ಧ್ವನಿಮುದ್ರಣವನ್ನು ಪಂಚನಾಮೆ ಮಾಡಿ ವಶಪಡಿಸಿಕೊಂಡು ಠಾಣೆಗೆ ತಂದರು. ಟೈಲರಮ್ಮನೂ ಕೂತು ಕೇಳಿದಳು. ಆ ಹೆಂಗಸು 'ಕ್ಷಮಿಸಿದ್ದೇನೆ' ಎಂದು ಹೇಳಿ ಮುಗಿಸಿದ್ದು ಒಂದೇ ಉಸಿರಿನಲ್ಲಿ. ಮಗನ ಬಗ್ಗೆ ಏನಾದರೂ ಹೇಳಿ ಎಂದು ಮಂಡಳಿಯವರು ಕೇಳಿದ್ದೇ ತಡ, ಮಾತು ನಿಲ್ಲಲೇ ಇಲ್ಲ. ನಾಲ್ಕು ವರ್ಷವಾದರೂ ಮಗು ಬಾಯಿ ಬಿಟ್ಟಿರಲಿಲ್ಲವಂತೆ. ಒಂದು ದಿನ ಅನ್ನದ ತುತ್ತು ತಳ್ಳಿ 'ಸಾಕು' ಎಂದದ್ದೇ ಮೊದಲ ಮಾತಂತೆ. ಆ ಖುಷಿಗೆ ತಟ್ಟೆಯನ್ನೇ ಕೈಬಿಟ್ಟೆ ಎಂದು ಅಳುತ್ತಲೇ ನಕ್ಕಿದ್ದಳು.

"ಇವನು ನನ್ನ ಮಗ ಅಲ್ಲ," ಎಂದಳು ಟೈಲರಮ್ಮ. "ನನ್ನವನು ಒಂಬತ್ತು ತಿಂಗಳಿಗೇ ವಟವಟ ಅಂತಿದ್ದ."

ಕಟ್ಟುಕತೆಯಾಗಿದ್ದರೆ ಇಷ್ಟು ನಗು ಬರುತ್ತಿರಲಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಮಧ್ಯಾಹ್ನ ಜೈಲಿಗೆ ಹೋಗಿ ಅಪರಾಧಿಯನ್ನು ಕರೆಸಿದ.

"ಚಿಕ್ಕವನಿದ್ದಾಗ ನೀನು ಮೊದಲು ಆಡಿದ ಮಾತು ಯಾವುದು?"

ಅವನಿಗೆ ನಗು ಬಂತು. "ಸಾಕು ಅಂದಿದ್ನಂತೆ. ಅಮ್ಮ ಈಗ್ಲೂ ಹೇಳಿ ನಗ್ತಾಳೆ. ಯಾಕೆ ಸಾರ್?"

ಇನ್‌ಸ್ಪೆಕ್ಟರ್ ಅವನ ತಾಯಿ ಎಲ್ಲಿ ಕೆಲಸ ಮಾಡುತ್ತಾಳೆಂದು ಕೇಳಿ ಬರೆದುಕೊಂಡ. ಮಗನ ಬಾಯಿಂದಲೇ ತಾಯಿಯನ್ನು ಹಿಡಿಸಿದೆನಲ್ಲ ಎಂದು ಹೊರಬರುವಾಗ ಅನ್ನಿಸಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಪೇದೆ ಜೀಪಿನಲ್ಲಿ ಗೊಣಗಿದಳು.

ಅಪರಾಧಿಯ ತಾಯಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಪೊಲೀಸರನ್ನು ಕಂಡು ಓಡಲಿಲ್ಲ. ಕೈಲಿದ್ದ ಚಾದರ ಮಡಚಿಟ್ಟು ಬರುತ್ತೇನೆಂದಳು. ಸಂಜೆ ನಾಲ್ಕಕ್ಕೆ ಬಂಧನವಾಯಿತು. ಸತ್ತವನ ಮನೆಯವರು ಸಿಕ್ಕಿಲ್ಲ, ಅವರ ಮಾತಿಲ್ಲದೆ ಅರ್ಜಿ ನಿಲ್ಲುವುದು ಕಷ್ಟ ಎಂದು ಮಗನ ವಕೀಲ ಆಕೆಗೆ ಹೇಳಿದ್ದನಂತೆ.

"ಮಿಕ್ಕಿದ್ದೆಲ್ಲಾ ಸರಿಯಾಗಿ ಹೇಳಿದ್ರಿ, ಮಗನ ವಿಷಯದಲ್ಲಿ ಯಾಕೆ ಎಡವಿದ್ರಿ ಅಮ್ಮಾ?" ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಸುಳ್ಳು ಹೇಳೋಕೇ ಹೋಗಿದ್ದೆ ಸಾರ್. ಸಾವಿನ ಬಾಯಲ್ಲಿರೋ ಮಗ ಅಂದ್ರೆ ನನಗೆ ಕಣ್ಮುಂದೆ ಬರೋನು ಅವನೊಬ್ಬನೇ."

ಠಾಣೆಯಲ್ಲಿ ಟೈಲರಮ್ಮ ಆಕೆಯನ್ನು ನೋಡಿದ ತಕ್ಷಣ ಗುರುತಿಸಿದಳು. ಕೊಲೆ ಮೊಕದ್ದಮೆ ನಡೆದಾಗ ನ್ಯಾಯಾಲಯದಲ್ಲಿ ಎದುರುಬದುರು ಬೆಂಚಿನಲ್ಲಿ ಕೂತಿದ್ದವರು ಅವರು.

"ನನ್ನ ಮಾತನ್ನ ಕದ್ದೆಯಲ್ಲ. ನನ್ನನ್ನೇ ಕೇಳಬಹುದಿತ್ತು."

"ಯಾವ ಮುಖ ಇಟ್ಕೊಂಡು ಕೇಳ್ಲಿ ಅಕ್ಕಾ?"

ಟೈಲರಮ್ಮ ದೂರು ವಾಪಸು ಪಡೆಯಲಿಲ್ಲ. ಮುಂದಿನ ಸೋಮವಾರ ಮಂಡಳಿ ಆಕೆಯನ್ನು ಕರೆಯಿತು, ಇನ್‌ಸ್ಪೆಕ್ಟರೇ ಜೊತೆಗೆ ಹೋದ. ಗುಮಾಸ್ತ ಈ ಸಲ ಗುರುತಿನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮಗನ ಬಗ್ಗೆ ಹೇಳಿ ಎಂದು ಮಂಡಳಿಯವರು ಕೇಳಿದರು. ಅವನ ವಾಚಾಳಿತನ, ಗೊರಕೆ, ಅವನು ರಿಪೇರಿ ಮಾಡಲು ಹೋಗಿ ಕೆಡಿಸಿದ ಹೊಲಿಗೆ ಯಂತ್ರ, ಎಲ್ಲವನ್ನೂ ಆಕೆ ಸಾವಕಾಶವಾಗಿ ಹೇಳಿದಳು. ಕೊನೆಗೆ ಬರೆದುಕೊಳ್ಳುವವನತ್ತ ತಿರುಗಿದಳು.

"ಕ್ಷಮಿಸಿದ್ದೀನಿ ಅಂತ ಬರೀಬೇಡಿ, ಅದು ನನ್ನಿಂದ ಆಗಿಲ್ಲ. ನೇಣು ಬೇಡ ಅಂತ ಬರೀರಿ. ಅವಳಿಗಾದ್ರೂ ಮಗ ಇರ್ಲಿ."

ಆರೋಪಪಟ್ಟಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ 'ಮಗನ ಜೀವ' ಎಂದಷ್ಟೇ ಬರೆದ. ಅದಕ್ಕೆ ಮೊದಲು, ಆ ಸೋಮವಾರ ಹೊರಬರುವಾಗ, ಮಂಡಳಿಯ ಕಚೇರಿಯ ಮೆಟ್ಟಿಲ ಮೇಲೆ ಟೈಲರಮ್ಮ ಅವನಿಗೆ ಕೈಮುಗಿದಿದ್ದಳು.

"ನಿಮ್ಮ ಹೊಟ್ಟೆ ತಣ್ಣಗಿರ್ಲಿ ಸಾರ್. ಆರು ವರ್ಷದಿಂದ ಎಲ್ರೂ ಅವನು ಹೇಗೆ ಸತ್ತ ಅಂತಲೇ ಕೇಳಿದ್ರು. ಹೇಗಿದ್ದ ಅಂತ ಕೇಳಿದ್ದು ಇವತ್ತೇ."